ಕಪ್ಪು ಮರುಭೂಮಿಯಲ್ಲಿ ಸಂಡಿಗೆ

ಡಬ್ಬಕ್ಕೆ ಕಡಲೆಬೇಳೆ ಸುರಿಯುವಾಗ ಈಗಲೂ ನನ್ನ ಕೈ ಅರ್ಧದಲ್ಲಿ ನಿಲ್ಲುತ್ತದೆ. ಬೇಳೆ ಉರುಳುವ ಸದ್ದಿಗೂ ಕಪ್ಪು ಜಲ್ಲಿ ಇಳಿಜಾರಿನಲ್ಲಿ ಉರುಳುವ ಸದ್ದಿಗೂ ಅಂಥ ವ್ಯತ್ಯಾಸವೇನಿಲ್ಲ. ಬೇಳೆಯಾದರೆ ಡಬ್ಬದ ತಳ ಮುಟ್ಟಿದ್ದು ಕೇಳಿಸುತ್ತದೆ. ಅಂದು ಆ ಜಲ್ಲಿ ತಳ ಮುಟ್ಟಿದ್ದು ಕೇಳಿಸಲೇ ಇಲ್ಲ. ನಾನು ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವಳು, ಹೆದರಿಕೆಯಾದಾಗ ರಕ್ತದಲ್ಲಿ ಏನೇನು ಏರುತ್ತದೆ ಎಂದು ಬೋರ್ಡಿನ ಮೇಲೆ ಬರೆದು ತೋರಿಸಬಲ್ಲೆ. ಆದರೂ ಸದ್ಯಕ್ಕೆ ಬೇಳೆಯನ್ನು ಪ್ಯಾಕೆಟ್ಟಿನಲ್ಲೇ ಇಟ್ಟು ರಬ್ಬರ್ ಬ್ಯಾಂಡ್ ಹಾಕುತ್ತಿದ್ದೇನೆ.

ಇದಕ್ಕೆಲ್ಲ ಕಾರಣ ಉಪ್ಪು. ನಲವತ್ತು ದಾಟಿದ ಮೇಲೆ ಕೆಲವರು ಕಾರು ಕೊಳ್ಳುತ್ತಾರೆ, ಕೆಲವರು ಗಿಟಾರ್ ಕಲಿಯುತ್ತಾರೆ. ನನ್ನ ಗಂಡನಿಗೆ ದಕ್ಷಿಣ ಅಮೆರಿಕದ ಎತ್ತರದ ಉಪ್ಪಿನ ಬಯಲುಗಳಲ್ಲಿ ಬೆನ್ನಿಗೆ ಚೀಲ ಹಾಕಿಕೊಂಡು ವಾರಗಟ್ಟಲೆ ನಡೆಯಬೇಕೆನಿಸಿತು. ಅಲ್ಲಿ ಗಾಳಿ ತೆಳು, ರಾತ್ರಿ ಕೊರೆಯುವ ಚಳಿ, ಹಗಲು ಕಣ್ಣು ಕುಕ್ಕುವ ಬಿಳುಪು, ಕಣ್ಣು ಹಾಯುವಷ್ಟು ದೂರವೂ ಏನೂ ಇಲ್ಲ. ಏನೂ ಇಲ್ಲದಿರುವುದೇ ಅದರ ವಿಶೇಷ ಎಂದು ಅವನು ಹೇಳುತ್ತಿದ್ದ. ಏನೂ ಇಲ್ಲದ್ದನ್ನು ನೋಡಲು ಅಷ್ಟು ದೂರ ಹೋಗಬೇಕೇ, ತಿಂಗಳ ಕೊನೆಯಲ್ಲಿ ನಮ್ಮ ಫ್ರಿಜ್ ತೆಗೆದರೆ ಸಾಲದೇ ಎಂದು ನಾನು ಕೇಳಿದ್ದೆ.

ತಯಾರಿ ಶುರುವಾಯಿತು. ತನ್ನ ಎದೆಯಷ್ಟೇ ಎತ್ತರದ ಒಂದು ಬೆನ್ನುಚೀಲ ತಂದ. ಅದರಲ್ಲಿ ನೀರಿನ ಬಾಟಲಿಗಳನ್ನು ತುಂಬಿ, ತೆಳು ಗಾಳಿಗೆ ಒಗ್ಗಿಕೊಳ್ಳಲೆಂದು ಒಂದು ಮೂಗಿನ ಹೊಳ್ಳೆಯನ್ನು ಒತ್ತಿ ಹಿಡಿದು, ಟೋಕಿಯೋ ಪಕ್ಕದ ಇಚಿಕಾವಾದ ನಮ್ಮ ಅಪಾರ್ಟ್‌ಮೆಂಟಿನ ಮೆಟ್ಟಿಲುಗಳನ್ನು ಹತ್ತಿ ಇಳಿಯುತ್ತಿದ್ದ. ಅಕ್ಕಪಕ್ಕದವರು ಗೋಡೆಗೆ ಒತ್ತಿಕೊಂಡು ದಾರಿ ಬಿಟ್ಟು ತಲೆ ಬಾಗಿಸುತ್ತಿದ್ದರು. ಆಮೇಲೆ ಚೀಲವನ್ನು ಆಫೀಸಿಗೂ ಒಯ್ಯತೊಡಗಿದ. ಇಲ್ಲಿ ರೈಲಿನಲ್ಲಿ ಬೆನ್ನುಚೀಲವನ್ನು ಎದೆಗೆ ಹಾಕಿಕೊಳ್ಳುವುದು ಮರ್ಯಾದೆ. ಬೆಳಗಿನ ತೋಜಾಯ್ ಲೈನಿನ ನೂಕುನುಗ್ಗಲಿನಲ್ಲಿ ಆ ಚೀಲವನ್ನು ಎದುರಿಗೆ ಹೊತ್ತು ನಿಂತವನು ಅವಳಿ ಮಕ್ಕಳ ಬಸುರಿಯಂತೆ ಕಾಣುತ್ತಿದ್ದನೇನೋ, ಒಂದು ದಿನ ಶಾಲೆಯ ಹುಡುಗಿಯೊಬ್ಬಳು ಎದ್ದು, ವೃದ್ಧರಿಗೂ ಗರ್ಭಿಣಿಯರಿಗೂ ಮೀಸಲಾದ ಸೀಟನ್ನು ಅವನಿಗೆ ಬಿಟ್ಟುಕೊಟ್ಟಳು. ಕೂತುಕೊಂಡೆ, ಸುಸ್ತಾಗಿತ್ತು ಎಂದು ಸಂಜೆ ಬಂದು ಯಾವ ನಾಚಿಕೆಯೂ ಇಲ್ಲದೆ ಹೇಳಿದ.

ಅದೇ ಹೊತ್ತಿಗೆ ಮೈಸೂರಿನಿಂದ ಅತ್ತೆ ಬಂದರು, ಮೂರು ತಿಂಗಳ ವೀಸಾದಲ್ಲಿ. ಅವರಿಗೆ ಜಪಾನ್ ಹಿಡಿಸಿತು. ರಸ್ತೆ ಹಿಡಿಸಿತು, ಬಿಸಿ ಸೀಟಿನ ಕಮೋಡು ಹಿಡಿಸಿತು, ಯಾರೂ ಹಾರ್ನ್ ಹೊಡೆಯದಿರುವುದು ಹಿಡಿಸಿತು. ಕೊಂಬಿನಿ ಎಂದು ಎಲ್ಲರೂ ಕರೆಯುವ ಮೂಲೆಯಂಗಡಿಯಂತೂ ಅವರಿಗೆ ಪಾರ್ಕು ಇದ್ದಂತೆ, ದಿನಾ ಸಂಜೆ ಒಂದು ಸುತ್ತು ಹಾಕಿ ಬರುತ್ತಿದ್ದರು. ಹಿಡಿಸದೇ ಹೋದದ್ದು ಒಂದೇ. ಈ ದೇಶದಲ್ಲಿ ಸಂಡಿಗೆ ಹಾಕಲು ಜಾಗವಿಲ್ಲ.

ಅತ್ತೆಗೆ ಬೇಸಿಗೆ ಎಂದರೆ ಸಂಡಿಗೆ. ಮೈಸೂರಿನಲ್ಲಿ ತಾರಸಿ ಇದೆ, ಇಲ್ಲಿ ತಾರಸಿಗೆ ಬೀಗ ಹಾಕಿರುತ್ತಾರೆ. ನಮ್ಮ ಬಾಲ್ಕನಿಗೆ ಬೆಳಿಗ್ಗೆ ಮಾತ್ರ ಒಂದಿಷ್ಟು ಬಿಸಿಲು. ಅಲ್ಲಿ ಹಾಕಿ ನೋಡಿದರು, ಕೋಳಿಯಷ್ಟು ದೊಡ್ಡ ಎರಡು ಕಾಗೆಗಳು ಬಂದು ಸಾಲು ತಪ್ಪದಂತೆ ಒಂದು ಕಡೆಯಿಂದ ತಿಂದುಕೊಂಡು ಹೋದವು. ಮಾರನೆಯ ದಿನ ಕೆಳಗಿನ ಮನೆಯ ಹೆಂಗಸು ಗಂಟೆ ಒತ್ತಿ, ಕ್ಷಮೆ ಕೇಳುತ್ತ, ಟಿಶ್ಯೂ ಕಾಗದದಲ್ಲಿ ಸುತ್ತಿದ ಏನನ್ನೋ ಎರಡೂ ಕೈಗಳಿಂದ ನನಗೆ ಕೊಟ್ಟರು. ಬಿಚ್ಚಿದರೆ ಒಂದು ಸಂಡಿಗೆ. ತಮ್ಮ ಬಾಲ್ಕನಿಯಲ್ಲಿ ಬಿದ್ದಿತ್ತು, ಯಾವುದೋ ಯಂತ್ರದ ಭಾಗವಿರಬೇಕು, ಇದಿಲ್ಲದೆ ನಿಮಗೆ ತೊಂದರೆಯಾಗಿರಬಹುದು ಎಂದರು. ಅತ್ತೆಗೆ ಅರ್ಥ ಹೇಳಿದೆ. ಅವರು ನಗಲಿಲ್ಲ. ಒಣಗಿದ ಹಾಗೆ ಕಾಣುತ್ತಿದ್ದ ಆ ಸಂಡಿಗೆಯನ್ನು ಮುರಿದು ನೋಡಿ, ಒಳಗಿನ್ನೂ ಹಸಿ ಇದೆ ಎಂದರು.

ಉಪ್ಪಿನ ಬಯಲಿಗೆ ವಾರಗಟ್ಟಲೆ ಹೋಗುವ ಮುನ್ನ ಮರುಭೂಮಿಯಲ್ಲಿ ಒಂದು ದಿನ ನಡೆದು ತೋರಿಸು ಎಂದು ನಾನು ಗಂಡನಿಗೆ ಷರತ್ತು ಹಾಕಿದ್ದೆ. ಜಪಾನಿನಲ್ಲಿ ಮರುಭೂಮಿ ಎಲ್ಲಿ ಬರಬೇಕು ಎಂಬ ಧೈರ್ಯದಿಂದ ಹಾಕಿದ ಷರತ್ತು. ಅವನು ಹುಡುಕಿಬಿಟ್ಟ. ಟೋಕಿಯೋದಿಂದ ಹಡಗಿನಲ್ಲಿ ಹೋಗಬಹುದಾದ ಇಜು ಓಶಿಮಾ ಎಂಬ ದ್ವೀಪ, ಅದರ ನಡುವೆ ಮಿಹಾರಾ ಎಂಬ ಜ್ವಾಲಾಮುಖಿ, ಅದರ ಬೆನ್ನಿಗೆ ಒಂದು ಕಪ್ಪು ಮರುಭೂಮಿ. ಈ ದೇಶದ ನಕಾಶೆಯಲ್ಲಿ ಮರುಭೂಮಿ ಎಂದು ಬರೆದಿರುವುದು ಅದೊಂದೇ ಜಾಗವಂತೆ. ಊಟದ ಮೇಜಿನ ಮೇಲೆ ಮೊಬೈಲಿನಲ್ಲಿ ಚಿತ್ರ ತೋರಿಸಿದ. ಮರವಿಲ್ಲ, ಮನೆಯಿಲ್ಲ, ನೆರಳಿಲ್ಲ, ಗುಡ್ಡದಿಂದ ಗುಡ್ಡಕ್ಕೆ ಬರೀ ಕಪ್ಪು ಜಲ್ಲಿ.

ಅತ್ತೆ ಕನ್ನಡಕ ಹಾಕಿಕೊಂಡು ನೋಡಿದರು.

"ಬಿಸಿಲು?"

"ಬೇಕಾದಷ್ಟಿರತ್ತೆ ಅಮ್ಮ."

"ಕಾಗೆ?"

"ಒಂದು ಹುಳಾನೂ ಇರಲ್ಲ. ಡೆಸರ್ಟು."

ಅತ್ತೆ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡರು. ಅವರ ಮುಖದಲ್ಲಿ ಅಂಥ ಕಳೆಯನ್ನು ನಾನು ದೇವಸ್ಥಾನದಲ್ಲೂ ನೋಡಿರಲಿಲ್ಲ.

ಮಳೆಗಾಲ ಹಿಡಿಯುವ ಮುಂಚಿನ ಒಂದು ಶನಿವಾರ ಹೊರಟೆವು. ಅತ್ತೆ ಬೆಳಗಿನ ಜಾವ ಎದ್ದು ಅಕ್ಕಿಹಿಟ್ಟು ಕಾಯಿಸಿ, ಜೀರಿಗೆ, ಇಂಗು, ಹಸಿಮೆಣಸಿನಕಾಯಿ ಹಾಕಿ, ಎರಡು ಸ್ಟೀಲ್ ಡಬ್ಬಗಳಿಗೆ ತುಂಬಿದ್ದರು. ಚಕ್ಕುಲಿ ಒರಳು ಬೇರೆ. ಗಂಡ ನೀರಿನ ಬಾಟಲಿಗಳಲ್ಲಿ ಕೆಲವನ್ನು ತೆಗೆದು ಅವಕ್ಕೆ ಜಾಗ ಮಾಡಿಕೊಟ್ಟ. ಭಾರ ಭಾರವೇ, ಟ್ರೇನಿಂಗಿಗೆ ತೊಂದರೆಯಿಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಅತ್ತೆಯ ವೇಷವನ್ನೂ ಹೇಳಬೇಕು. ಒಳಗೆ ಮಗನ ಟ್ರ್ಯಾಕ್ ಪ್ಯಾಂಟು, ಮೇಲೆ ನೈಲಾನ್ ಸೀರೆ, ಅದರ ಮೇಲೆ ಮಗನ ಮಳೆಜಾಕೆಟ್ಟು, ಕಾಲಿಗೆ ಸ್ಪೋರ್ಟ್ಸ್ ಶೂ, ಕೈಯಲ್ಲಿ ಬಾಗಿದ ಹಿಡಿಯ ಉದ್ದನೆಯ ಕೊಡೆ. ಹಡಗಿನಲ್ಲಿ ನಮ್ಮೆದುರು ಕೂತಿದ್ದವರೆಲ್ಲ ಬಲು ಸಭ್ಯತೆಯಿಂದ ಸಮುದ್ರವನ್ನೇ ನೋಡುತ್ತಿದ್ದರು.

ಬಸ್ಸು ಇಳಿದು ಪೊದೆಗಳ ನಡುವಿನ ದಾರಿಯಲ್ಲಿ ನಡೆದರೆ, ಒಂದು ತಿರುವಿನ ಆಚೆ ಪೊದೆ ಮುಗಿದು ಮರುಭೂಮಿ ಶುರುವಾಗುತ್ತದೆ. ಹದ ತಪ್ಪಿ ಹುರಿದ ಕಾಫಿಬೀಜವನ್ನು ಯಾರೋ ಗುಡ್ಡಗಟ್ಟಲೆ ಸುರಿದು ಹೋದಂತಿತ್ತು. ಕಾಲಿಟ್ಟಲ್ಲೆಲ್ಲ ಕರಕರ ಸದ್ದು. ಅಲ್ಲಲ್ಲಿ ಮಳೆನೀರು ಕೊರೆದ ಕೊರಕಲುಗಳಿದ್ದವು, ಹತ್ತಿರ ಹೋಗುವವರೆಗೂ ಕಾಣದಂಥವು. ಒಂದನ್ನು ದೂರದಿಂದಲೇ ಬಗ್ಗಿ ನೋಡಿ, ದಾರಿ ತೋರಲು ಇಟ್ಟ ಕಲ್ಲುಗುಪ್ಪೆಗಳನ್ನು ಬಿಟ್ಟು ಯಾರೂ ಆಚೀಚೆ ಹೋಗಬಾರದು ಎಂದು ಗಂಡ ನಮ್ಮಿಬ್ಬರಿಗೂ ಹೇಳಿದ. ಅತ್ತೆ ಬಗ್ಗಿ ಅಂಗೈಯನ್ನು ನೆಲಕ್ಕೆ ಒತ್ತಿ ನೋಡಿದರು. ಕಾದ ಹೆಂಚಿನ ಹಾಗಿದೆ ಎಂದರು. ಅಲ್ಲೇ, ದಾರಿಯಿಂದ ಒಂದಿಷ್ಟು ಪಕ್ಕಕ್ಕೆ, ಸಮತಟ್ಟಾದ ಜಾಗದಲ್ಲಿ ಪ್ಲಾಸ್ಟಿಕ್ ಹಾಳೆ ಹಾಸಿ, ನಾಲ್ಕೂ ಮೂಲೆಗೆ ಲಾವಾಕಲ್ಲು ಇಟ್ಟು, ಶೂ ಕಳಚಿ, ಚಕ್ಕುಲಿ ಒರಳು ಹಿಡಿದು ಕೂತರು.

ಕಪ್ಪು ಬಯಲಿನಲ್ಲಿ ಬಿಳಿ ಸಂಡಿಗೆಗಳ ಸಾಲು ಬೆಳೆಯತೊಡಗಿತು. ಚೆನ್ನಾಗಿ ಕಾಣುತ್ತಿತ್ತು ಎಂದು ಒಪ್ಪಿಕೊಳ್ಳಲೇಬೇಕು.

ಆಗ ದಾರಿಯಲ್ಲಿ ವಯಸ್ಸಾದ ಜಪಾನಿ ದಂಪತಿ ಬಂದರು, ಇಬ್ಬರಿಗೂ ಒಂದೇ ಬಣ್ಣದ ಟೋಪಿ. ನಮ್ಮನ್ನು ಕಂಡು ನಿಂತರು. ಬಿಳಿ ಸುರುಳಿಗಳನ್ನು ನೋಡಿದರು, ಮಂಡಿಯೂರಿ ಲೋಹದ ಉಪಕರಣವೊಂದನ್ನು ತಿರುಗಿಸುತ್ತಿದ್ದ ಅತ್ತೆಯನ್ನು ನೋಡಿದರು, ಗಂಡನ ಬೆಟ್ಟದಂಥ ಚೀಲವನ್ನು ನೋಡಿದರು. ದನಿ ತಗ್ಗಿಸಿ, ಯಾವ ವಿಶ್ವವಿದ್ಯಾಲಯದ ಸಂಶೋಧನೆ ಎಂದು ಕೇಳಿದರು. ಗಂಡ ಒಂದು ಕ್ಷಣ ಯೋಚಿಸಿ, ಇದು ಸ್ವತಂತ್ರ ಸಂಶೋಧನೆ ಎಂದ. ಅವರು ಅತ್ತೆಗೆ ಆಳವಾಗಿ ಬಾಗಿ ನಮಸ್ಕರಿಸಿದರು. ಅತ್ತೆಯೂ ಒರಳು ಹಿಡಿದ ಕೈಗಳಿಂದಲೇ ಬಾಗಿದರು. ಹೋಗುವ ಮುನ್ನ ಗಂಡಸು ಸಮುದ್ರದ ಕಡೆಗೆ ಕೈ ತೋರಿಸಿ, ಗಾಳಿ ತಿರುಗಿದೆ, ಮಂಜು ಬರಬಹುದು, ನಾವಂತೂ ಇಳಿಯುತ್ತಿದ್ದೇವೆ ಎಂದು ಹೇಳಿದ. ಗಂಡ ಮೊಬೈಲು ನೋಡಿದ. ಅದರಲ್ಲಿ ಹಳದಿ ಸೂರ್ಯನ ಚಿತ್ರವಿತ್ತು. ಅರಿಗಾತೋ ಎಂದು ಧನ್ಯವಾದ ಹೇಳಿ ಕಳಿಸಿದ.

ಇನ್ನು ಅವನ ಪರೀಕ್ಷೆ ಬಾಕಿ. ಎದುರಿನ ದಿಣ್ಣೆಯವರೆಗೆ ಪೂರ್ತಿ ಭಾರ ಹೊತ್ತು ನಡೆಯಬೇಕು, ನಾನು ಅದರ ವಿಡಿಯೋ ಮಾಡಬೇಕು. ಬನ್ನಿ ಅತ್ತೆ, ನೀವೂ ಬನ್ನಿ ಎಂದು ಕರೆದೆ. ಸಂಡಿಗೆ ಬಿಟ್ಟು ಬರುವುದುಂಟೇ ಎನ್ನುವಂತೆ ನನ್ನನ್ನು ನೋಡಿದರು. ಸಂಡಿಗೆಗೆ ಯಾರಾದರೂ ಕಾವಲಿರಬೇಕು, ಅದು ಅವರ ಮನೆಯ ಕಾನೂನು. ಚಿಕ್ಕವರಿದ್ದಾಗ ಅವರೇ ಕೋಲು ಹಿಡಿದು ಮಧ್ಯಾಹ್ನವೆಲ್ಲ ತಾರಸಿಯಲ್ಲಿ ಕೂರುತ್ತಿದ್ದರಂತೆ, ಒಮ್ಮೆ ಜ್ವರ ಬಂದಿದ್ದರೂ ಕೂತಿದ್ದರಂತೆ.

"ಇಲ್ಲಿ ಕಾಗೆ ಇಲ್ಲ ಅತ್ತೆ."

"ಸಂಡಿಗೆ ಹಾಕೋವರ್ಗೂ ಎಲ್ಲೂ ಇರಲ್ಲ ಕಣೇ."

ಕೊಡೆ ಬಿಡಿಸಿಕೊಂಡು, ಬೆನ್ನು ನೆಟ್ಟಗೆ ಮಾಡಿ, ಆಕಾಶ ನೋಡುತ್ತ ಕೂತರು. ಮೊಬೈಲು ಅವರ ಬಳಿ ಇರಲಿಲ್ಲ, ಹೊರಗೆ ಸಿಗ್ನಲ್ ಸಿಗದ ಮೈಸೂರಿನ ಫೋನನ್ನು ಹೊತ್ತು ತರುವುದೇಕೆ ಎಂದು ಮನೆಯಲ್ಲೇ ಬಿಟ್ಟಿದ್ದರು.

ದಿಣ್ಣೆಯ ಮೇಲೆ ಗಂಡ ವಿಡಿಯೋಗಾಗಿ ಮೂರನೇ ಸಲ ದಿಗಂತ ನೋಡುತ್ತಿದ್ದ. ಮೊದಲೆರಡು ಸಲ ಸಾಕಷ್ಟು ಗಂಭೀರವಾಗಿ ನೋಡಿರಲಿಲ್ಲವಂತೆ. ಮೊಬೈಲಿನ ಪರದೆಯಲ್ಲಿ ಅವನ ಹಿಂದಿನ ದಿಗಂತ ಕಾಣದಾಯಿತು. ಕ್ಯಾಮೆರಾ ಕೆಟ್ಟಿತೆಂದು ಗಾಜು ಒರೆಸಿದೆ. ತಲೆ ಎತ್ತಿದರೆ ಇಡ್ಲಿ ಪಾತ್ರೆಯ ಮುಚ್ಚಳ ತೆಗೆದಾಗ ಬರುವ ಹಬೆಯಂತೆ ಬಿಳಿ ಮೋಡ ಗುಡ್ಡ ಹತ್ತಿ ನಮ್ಮ ಕಡೆಗೇ ಬರುತ್ತಿತ್ತು. ಆದರೆ ತಣ್ಣಗಿತ್ತು. ಮೊದಲು ಸಮುದ್ರ ಹೋಯಿತು, ಆಮೇಲೆ ಗುಡ್ಡ, ಆಮೇಲೆ ಗಂಡನ ಚೀಲ, ಆಮೇಲೆ ಗಂಡ. ಅವನ ಕೈ ಹಿಡಿದುಕೊಂಡಾಗ ನನಗೆ ಕಾಣುತ್ತಿದ್ದುದು ಅವನ ಮೂಗು ಮತ್ತು ನನ್ನ ಮೊಣಕೈ.

"ಅಮ್ಮ," ಎಂದ ಅವನು.

ನಾವು ಬಂದ ಹೆಜ್ಜೆಗುರುತು ಹಿಡಿದು ವಾಪಸು ಹೊರಟೆವು. ಜಲ್ಲಿಯಲ್ಲಿ ಹೆಜ್ಜೆಗುರುತು ಎಷ್ಟು ಹೊತ್ತು ನಿಲ್ಲುತ್ತದೆ? ಗಾಳಿ ಬೇರೆ ಎದ್ದಿತ್ತು. ಕೂಗಿದರೆ ದನಿ ಬಾಯಿಂದ ಹೊರಬಿದ್ದ ತಕ್ಷಣ ಯಾರೋ ಕಸಿದುಕೊಂಡು ಹೋದಂತಾಗುತ್ತಿತ್ತು. ಅಮ್ಮ ಸುಮ್ಮನೆ ಕೂರುವವಳಲ್ಲ, ಎದ್ದು ಓಡಾಡುತ್ತಾಳೆ ಎಂದು ಅವನು ಮತ್ತೆ ಮತ್ತೆ ಹೇಳುತ್ತಿದ್ದ. ನನಗೆ ಅಷ್ಟು ಭಯವಿರಲಿಲ್ಲ. ಅತ್ತೆ ಕೂತಲ್ಲಿಯೇ ಕೂತಿದ್ದರೆ ಏನೂ ಆಗುವುದಿಲ್ಲ, ಎದ್ದು ನಡೆದರೆ ಮಾತ್ರ ಕೊರಕಲು. ಆದರೆ ಸಂಡಿಗೆ ಬಿಟ್ಟು ಅವರು ಏಳುವುದು ಸಾಧ್ಯವೇ ಇಲ್ಲ. ಹದಿನಾಲ್ಕು ವರ್ಷದಿಂದ ನೋಡುತ್ತಿದ್ದೇನೆ. ಮೈಸೂರಿನಲ್ಲಿ ಒಮ್ಮೆ ಭೂಮಿ ನಡುಗಿತು ಎಂದು ಬೀದಿಯವರೆಲ್ಲ ಹೊರಗೆ ಓಡಿ ಬಂದಾಗಲೂ ಅವರು ತಾರಸಿಯಿಂದ ಇಳಿದಿರಲಿಲ್ಲ. ಈ ಮಾತನ್ನೇ ಗಂಡನಿಗೆ ಹೇಳಿದೆ. ಸಂಡಿಗೆ ಅವರನ್ನು ಕಾಯುತ್ತಿರುತ್ತದೆ ಎಂದು ತಮಾಷೆಯನ್ನೂ ಮಾಡಿದೆ. ಅವನು ನಕ್ಕ. ಇಬ್ಬರೂ ನಗುತ್ತಲೇ ಕಲ್ಲುಗುಪ್ಪೆಯೊಂದನ್ನು ಮುಟ್ಟಿ, ಅಲ್ಲಿಂದ ಇನ್ನೊಂದನ್ನು ತಡವಿ, ಕೊನೆಗೆ ಹಾಳೆಯನ್ನೇ ತುಳಿದೆವು.

ಹಾಳೆ ಇತ್ತು. ನಾಲ್ಕು ಕಲ್ಲು ಇದ್ದವು. ಸಂಡಿಗೆ ಸಾಲು ತಪ್ಪದೆ ಇದ್ದವು. ಒರಳು, ಡಬ್ಬ ಎಲ್ಲ ಇದ್ದವು. ಅತ್ತೆ ಇರಲಿಲ್ಲ. ಶೂ ಇರಲಿಲ್ಲ, ಕೊಡೆ ಇರಲಿಲ್ಲ.

ನಾನು ಬಗ್ಗಿ ಒಂದು ಸಂಡಿಗೆಯನ್ನು ಮುಟ್ಟಿ ನೋಡಿದೆ. ಯಾಕೆ ಮುಟ್ಟಿದೆ ಎಂದು ಇವತ್ತಿಗೂ ಗೊತ್ತಿಲ್ಲ. ಅದರ ಮೇಲೆ ಮಂಜಿನ ಹನಿ ಕೂತಿತ್ತು. ಅತ್ತೆ ಇದ್ದಿದ್ದರೆ ಇದನ್ನು ಹೀಗೆ ಒದ್ದೆಯಾಗಲು ಬಿಡುತ್ತಿರಲಿಲ್ಲ ಎಂದು ಆಗ ಅನ್ನಿಸಿತು.

ಗಂಡ ಓಡಿದ. ಎತ್ತ ಎಂದು ಅವನಿಗೂ ಗೊತ್ತಿರಲಿಲ್ಲ. ಅಮ್ಮ ಎಂದು ಕೂಗುತ್ತ ಆ ಬೆಟ್ಟದಂಥ ಚೀಲವನ್ನು ಕುಲುಕಿಸಿಕೊಂಡು ಮಂಜಿನೊಳಕ್ಕೆ ಹೋದ. ನಾನು ಹಿಂದೆಯೇ ಓಡಿ ಚೀಲದ ಪಟ್ಟಿ ಹಿಡಿದೆ. ಎಳೆದೆ. ಆಗಲೇ ಅವನು ಮುಂದಿಟ್ಟ ಕಾಲಿನ ಕೆಳಗಿನ ನೆಲ ಮುರಿದು ಹೋಯಿತು. ಜಲ್ಲಿ ಜರ್ರೆಂದು ಇಳಿಯಿತು, ಇಳಿಯುತ್ತಲೇ ಹೋಯಿತು, ಸದ್ದು ಸಣ್ಣದಾಯಿತು, ತಳ ಮುಟ್ಟಲಿಲ್ಲ. ಅವನ ಒಂದು ಕಾಲು ಗಾಳಿಯಲ್ಲಿತ್ತು.

ಗಂಡನನ್ನು ನಾನು ಮನೆಯಲ್ಲಿ ನೀನು ಎನ್ನುತ್ತೇನೆ. ಅತ್ತೆಯ ಎದುರಿಗೆ ನೀವು, ರೀ. ಅವರೇನೂ ಹಾಗೆ ಹೇಳಿಕೊಟ್ಟದ್ದಲ್ಲ, ಅವರ ವಿಮಾನ ಇಳಿಯುವ ಹೊತ್ತಿಗೆ ನನ್ನ ನಾಲಿಗೆ ತಾನಾಗಿಯೇ ಬದಲಾಗುತ್ತದೆ. ಅಲ್ಲಿಯವರೆಗೆ ಒಮ್ಮೆಯೂ ತಪ್ಪಿರಲಿಲ್ಲ.

"ನಿಂತ್ಕೊಳ್ಳೋ ಕೋತಿ!" ಎಂದು ಕಿರುಚಿದೆ.

ಅವನು ನಿಂತ. ಹಿಂದಕ್ಕೆ ನನ್ನ ಮೇಲೆಯೇ ಕುಸಿದು ಕೂತ. ಇಬ್ಬರೂ ಏದುಸಿರು ಬಿಡುತ್ತಿದ್ದೆವು. ಆಗ ಕೆಳಗಿನಿಂದ, ನಮ್ಮ ಕಾಲಿನ ಬುಡದಿಂದಲೇ ಎನ್ನುವಂತೆ, ಒಂದು ದನಿ ಬಂತು.

"ಸುಮಿಮಾಸೆನ್."

ಅತ್ತೆಗೆ ಬರುತ್ತಿದ್ದ ಜಪಾನಿ ಪದಗಳಲ್ಲಿ ಬಹಳ ಕೆಲಸಕ್ಕೆ ಬರುತ್ತಿದ್ದುದು ಅದು. ಇಲ್ಲಿನ ಹೋಟೆಲುಗಳಲ್ಲಿ ಗಿರಾಕಿಗಳು ಹಾಗೆ ಕೂಗಿದ ಕೂಡಲೇ ಮಾಣಿ ಓಡಿ ಬರುವುದನ್ನು ನೋಡಿ, ಈ ದೇಶದಲ್ಲಿ ಎಲ್ಲಿ ನಿಂತು ಆ ಪದ ಕೂಗಿದರೂ ಯಾರಾದರೂ ಬಂದೇ ಬರುತ್ತಾರೆ ಎಂದು ಅವರು ತೀರ್ಮಾನಿಸಿದ್ದರು. ಕೂಗುವ ರೀತಿಯಲ್ಲಿ ಗಾಬರಿಯೇನೂ ಇರಲಿಲ್ಲ. ಇನ್ನೊಂದು ಲೋಟ ನೀರು ಬೇಕಾದವರು ಕರೆದಂತಿತ್ತು.

"ಹಾಯ್!" ಎಂದ ನನ್ನ ಗಂಡ, ಬಂದೆ ಎನ್ನುವಂತೆ ಜಪಾನಿಯಲ್ಲಿ, ಇಷ್ಟು ವರ್ಷ ಇಲ್ಲಿದ್ದ ಅಭ್ಯಾಸದಿಂದ, ಥೇಟ್ ಮಾಣಿಯಂತೆ.

ಹೊಟ್ಟೆಯ ಮೇಲೆ ಮಲಗಿ ಅಂಚಿನಿಂದ ಬಗ್ಗಿ ನೋಡಿದೆವು. ಎರಡಾಳು ಕೆಳಗೆ, ಜಲ್ಲಿಯ ಇಳಿಜಾರಿನಲ್ಲಿ, ಕೊಡೆಯ ಮೊನೆಯನ್ನು ನೆಲಕ್ಕೆ ಚುಚ್ಚಿ ಹಿಡಿದು ಅತ್ತೆ ಕೂತಿದ್ದರು. ಮಂಜಿನಲ್ಲಿ ಬರೀ ಜಾಕೆಟ್ಟಿನ ಕಿತ್ತಳೆ ಬಣ್ಣ ಕಾಣುತ್ತಿತ್ತು. ಅಲುಗಿದರೆ ಸಾಕು, ಸುತ್ತಲ ಜಲ್ಲಿ ಅವರನ್ನೂ ಕರೆದುಕೊಂಡು ಒಂದಿಷ್ಟು ಕೆಳಗೆ ಹೋಗುತ್ತಿತ್ತು. ಅದು ಅವರಿಗೆ ಗೊತ್ತಾಗಿತ್ತು. ಕುತ್ತಿಗೆಯನ್ನೂ ತಿರುಗಿಸದೆ ಮಾತಾಡುತ್ತಿದ್ದರು.

ಗಂಡ ಇಳಿಯಲು ಹೊರಟ. ನಾನು ಅವನ ಚೀಲದ ಮೇಲೆ ಕೂತೆ.

"ಇಳೀಬೇಡ," ಎಂದರು ಅತ್ತೆ ಕೆಳಗಿನಿಂದ. "ಇಳಿದ್ಯೋ, ನಾನು ಜನ್ಮದಲ್ಲಿ ನಿನ್ನ ಮಾತಾಡ್ಸಲ್ಲ."

"ಮತ್ತೇನಮ್ಮ ಮಾಡ್ಲಿ?"

"ಸ್ವಲ್ಪ ಹೊತ್ತು ಸುಮ್ನಿರು. ಯೋಚ್ನೆ ಮಾಡ್ತಿದೀನಿ."

ಯೋಚಿಸಿದರು. ಆ ಹೊತ್ತೆಲ್ಲ ಜಲ್ಲಿ ಒಂದೊಂದೇ ಹರಳಾಗಿ ಉರುಳುತ್ತಿತ್ತು. ನನಗೆ ಆಗಾಗ ಮತ್ತೆ ಕೇಳಿಸುವುದು ಈ ಭಾಗ. ದೊಡ್ಡ ಸದ್ದಲ್ಲ, ಒಂದೊಂದು ಹರಳು, ನಡುವೆ ಮೌನ, ಮುಂದಿನದು ಹರಳೋ ಅತ್ತೆಯೋ ಗೊತ್ತಿಲ್ಲ.

ಕೊನೆಗೆ ಅವರು ಸೀರೆ ಬಿಚ್ಚತೊಡಗಿದರು. ಕೂತಲ್ಲಿಯೇ, ಒಂದು ಕೈಯಲ್ಲಿ ಕೊಡೆ ಹಿಡಿದುಕೊಂಡು, ಇನ್ನೊಂದು ಕೈಯಲ್ಲಿ ಸುತ್ತು ಸುತ್ತಾಗಿ ಬಿಡಿಸಿ, ಒಂದು ತುದಿಯನ್ನು ಟ್ರ್ಯಾಕ್ ಪ್ಯಾಂಟಿನ ಮೇಲೆ ಸೊಂಟಕ್ಕೆ ಬಿಗಿದರು. ಮಗನಿಗೆ ಆಚೆ ತಿರುಗು ಎಂದರು. ಏನೂ ಕಾಣಲ್ಲಮ್ಮ ಎಂದು ಅವನು ಬೇಡಿಕೊಂಡ. ಆದರೂ ತಿರುಗು ಎಂದರು. ಅವನು ತಿರುಗಿದ. ಜ್ವಾಲಾಮುಖಿಯ ಕೊರಕಲಿನ ಅಂಚಿನಲ್ಲಿ ಹೊಟ್ಟೆಯ ಮೇಲೆ ಮಲಗಿ ಮುಖ ಆಚೆ ತಿರುಗಿಸಿದ. ಸೀರೆಯ ಇನ್ನೊಂದು ತುದಿಯನ್ನು ಕೊಡೆಯ ಬಾಗಿದ ಹಿಡಿಗೆ ಕಟ್ಟಿ, ಕೊಡೆಯನ್ನು ಕಿತ್ತು ಮೇಲಕ್ಕೆ ಚಾಚಿದರು. ಕೊಡೆ ಕಿತ್ತ ಕೂಡಲೇ ಜಾರಿದರು. ಒಂದು ಮೊಳ. ನಿಂತರು.

ಮೊದಲನೇ ಸಲ ಗಂಡನ ಬೆರಳಿಗೆ ಕೊಡೆಯ ಹಿಡಿ ಸಿಗಲಿಲ್ಲ. ಎರಡನೇ ಸಲ ಅವನು ಸೊಂಟದವರೆಗೂ ಅಂಚಿನಿಂದ ಆಚೆ ಚಾಚಿಕೊಂಡ. ನಾನು ಆ ನೀರು ತುಂಬಿದ ಚೀಲವನ್ನು ನನ್ನ ಬೆನ್ನಿಗೆ ಹಾಕಿಕೊಂಡು ಅವನ ಎರಡೂ ಕಾಲುಗಳ ಮೇಲೆ ಕೂತಿದ್ದೆ. ಅವನು ಅಯ್ಯೋ ಅನ್ನುತ್ತಿದ್ದ, ನಾನು ಇನ್ನಷ್ಟು ಭಾರ ಹಾಕುತ್ತಿದ್ದೆ. ಹಿಡಿ ಸಿಕ್ಕಿತು. ನೈಲಾನ್ ಸೀರೆಯನ್ನು ಕೈಗೆ ಸುತ್ತಿಕೊಂಡು ಎಳೆದ. ಅತ್ತೆ ಮೊಣಕಾಲೂರಿ ಹತ್ತತೊಡಗಿದರು. ಎರಡು ಹೆಜ್ಜೆ ಮೇಲೆ, ಒಂದು ಹೆಜ್ಜೆ ಕೆಳಗೆ. ಮೆತ್ತಗೆ ಎಳಿ, ಬಾವಿಯಿಂದ ಕೊಡ ಎಳೀತಿಲ್ಲ ಎಂದು ನಡುವೆ ಒಮ್ಮೆ ಬೈದರು. ಅವರ ಕೈ ಅಂಚಿಗೆ ಬಂದಾಗ ನಾನು ಚೀಲ ಸಮೇತ ಮುಂದಕ್ಕೆ ಬಿದ್ದು ಜಾಕೆಟ್ಟಿನ ಕುತ್ತಿಗೆಗೆ ಕೈ ಹಾಕಿದೆ. ಮೂವರೂ ಒಂದು ರಾಶಿಯಾಗಿ ಹಿಂದಕ್ಕೆ ಉರುಳಿದೆವು.

ಅತ್ತೆ ಕೂತಲ್ಲೇ ಸೀರೆಯಿಂದ ಜಲ್ಲಿ ಕೊಡವಿದರು. ಅಂಗೈ ತರಚಿ ರಕ್ತ ಬಂದಿತ್ತು, ಅದನ್ನು ನೋಡಿ ಮಡಚಿಕೊಂಡರು. ಆಮೇಲೆ ನನ್ನ ಕಡೆ ತಿರುಗಿದರು.

"ಅವನಿಗೇನೋ ಅಂದ್ಯಲ್ಲ, ಆಗ."

"ಏನಿಲ್ಲ ಅತ್ತೆ."

"ಕೋತಿ ಅಂದೆ. ಕೇಳಿಸ್ತು." ಸೀರೆಯ ನೆರಿಗೆ ಹಿಡಿಯತೊಡಗಿದರು. "ಸರಿಯಾಗೇ ಅಂದೆ. ಅದರಿಂದ್ಲೇ ನೀವು ಇಲ್ಲಿದೀರ ಅಂತ ಗೊತ್ತಾಗಿದ್ದು."

ಮಂಜು ತಾನಾಗಿ ಎದ್ದು ಹೋಗುವವರೆಗೂ ನಾವು ಮೂವರೂ ಒಬ್ಬರ ಕೈ ಒಬ್ಬರು ಹಿಡಿದು ಅಲ್ಲೇ ಕೂತಿದ್ದೆವು. ಬೆಳಕು ಬಂದಾಗ ನಾನು ನೋಡಬಾರದಿತ್ತು, ನೋಡಿದೆ. ಅತ್ತೆ ಕೂತಿದ್ದ ಇಳಿಜಾರು ಅವರ ಶೂ ಗುರುತಿನ ಕೆಳಗೆ ಒಂದಿಷ್ಟು ದೂರ ಹೋಗಿ ಮುಗಿಯುತ್ತಿತ್ತು. ಅದರಾಚೆ ನೇರ ಗೋಡೆ, ನಮ್ಮ ಅಪಾರ್ಟ್‌ಮೆಂಟಿನ ಮೂರು ಮಹಡಿಯಷ್ಟು. ತಳದಲ್ಲಿ ಕಪ್ಪು ಬಂಡೆಗಳು. ಗಂಡ ನೋಡಿದ. ಅತ್ತೆ ಅತ್ತ ಕಡೆ ತಿರುಗದಂತೆ ನಾನು ಅವರ ಕೊಡೆಯನ್ನು ಬಿಡಿಸಿ ಹಿಡಿದೆ. ಬಿಸಿಲಿಗೆ ಅಂದುಕೊಂಡರು, ಪಾಪ.

ಹೊರಡೋಣ ಎಂದರೆ ಗಂಡ ಒಪ್ಪಲಿಲ್ಲ. ಇದು ರಾಷ್ಟ್ರೀಯ ಉದ್ಯಾನ, ಇಲ್ಲಿ ಒಂದು ಚಾಕೊಲೇಟ್ ಕಾಗದವನ್ನೂ ಬಿಟ್ಟು ಹೋಗುವಂತಿಲ್ಲ. ಪ್ರಾಣ ಉಳಿದವರು ಮೊದಲು ಮಾಡಿದ ಕೆಲಸವೆಂದರೆ ನಾಲ್ಕು ಕಾಲಿನ ಮೇಲೆ ಬಗ್ಗಿ, ಅಷ್ಟರಲ್ಲಿ ಗಾಳಿಗೆ ಹಾಳೆ ಮಗುಚಿ ಚೆಲ್ಲಿದ್ದ ಸಂಡಿಗೆಗಳನ್ನು ಜಲ್ಲಿಯಿಂದ ಆರಿಸಿದ್ದು. ಇಚಿಕಾವಾಕ್ಕೆ ತಂದು ಅತ್ತೆ ಅವನ್ನು ಹೀಟರಿನ ಮುಂದೆ ಒಣಗಿಸಿ ಕರಿದರು. ಪ್ರತಿ ತುತ್ತಿಗೂ ಹಲ್ಲಿನಡಿ ಜ್ವಾಲಾಮುಖಿ ಕಟಕಟ ಎನ್ನುತ್ತಿತ್ತು. ಮೂವರೂ ಎಲ್ಲವನ್ನೂ ತಿಂದೆವು.

ವಾಪಸು ಬರುವಾಗ ಹಡಗಿನಲ್ಲಿ ಗಂಡ ನಿದ್ದೆ ಹೋದ ಮೇಲೆ ನಾನು ಕೇಳಿದೆ.

"ಸಂಡಿಗೆ ಬಿಟ್ಟು ಯಾಕೆ ಎದ್ರಿ ಅತ್ತೆ?"

"ನೀವಿಬ್ರೂ ಕಳೆದುಹೋಗಿದ್ರಲ್ಲ."

"ನಾವು ಕಳೆದುಹೋಗಿರ್ಲಿಲ್ಲ."

"ಮತ್ತೆ ಎಲ್ಲಿದ್ರಿ?"

ಅವರು ಕಿಟಕಿಯ ಕಡೆ ತಿರುಗಿ, ಮೊಬೈಲಿಲ್ಲದಿದ್ದರೆ ನಮ್ಮಿಬ್ಬರಿಗೆ ಬಚ್ಚಲುಮನೆಗೂ ದಾರಿ ಗೊತ್ತಾಗುವುದಿಲ್ಲ, ಕುಳಿತು ನೋಡುತ್ತಿರಲು ಆಗುತ್ತದೆಯೇ ಎಂದರು. ಅಷ್ಟೇ. ಜೀವಮಾನದಲ್ಲಿ ಮೊದಲ ಸಲ ಕಾವಲು ಬಿಟ್ಟು ಎದ್ದದ್ದಕ್ಕೆ ಅವರು ಕೊಟ್ಟ ಕಾರಣ ಅಷ್ಟೇ. ಅವರು ಏಳುವುದಿಲ್ಲ ಎಂಬ ಭರವಸೆಯಿಂದ ನಾನು ಮಂಜಿನಲ್ಲಿ ನಗುತ್ತ ಬಂದಿದ್ದೆ.

ಗಂಡ ಉಪ್ಪಿನ ಬಯಲಿನ ಮಾತೆತ್ತುವುದನ್ನು ಬಿಟ್ಟ. ಅಲ್ಲಿ ನೆಲ ಚಪ್ಪಟೆ, ಬೀಳಲು ಜಾಗವೇ ಇಲ್ಲ ಎಂದು ಒಮ್ಮೆ ನಾನೇ ಸಮಾಧಾನ ಮಾಡಿದೆ. ನೋಡೋಣ ಎಂದ. ಚೀಲದೊಳಗೆ ಈಗ ಚಳಿಗಾಲದ ಹೊದಿಕೆಗಳಿವೆ.

ಅತ್ತೆ ಊರಿಗೆ ಹಿಂತಿರುಗಿದರು. ಮೊನ್ನೆ ಭಾನುವಾರ ವಿಡಿಯೋ ಕಾಲ್ ಮಾಡಿದಾಗ ಪಕ್ಕದ ಮನೆಯ ಆಂಟಿ ಬಂದು ಕೂತಿದ್ದರು. ಅತ್ತೆ ಕಥೆ ಹೇಳುತ್ತಿದ್ದರು, ಎಷ್ಟನೇ ಸಲವೋ. ಮಗ ಸೊಸೆ ಜಪಾನಿನ ಮರುಭೂಮಿಯಲ್ಲಿ ಮಂಜಿಗೆ ಸಿಕ್ಕಿ ದಾರಿ ತಪ್ಪಿದ್ದು, ಇಬ್ಬರೂ ಒಂದು ಕೊರಕಲಿನ ಅಂಚಿನಲ್ಲಿ ಕೂತು ಕಿರುಚುತ್ತಿದ್ದುದು, ತಾವು ಆ ಕಿರುಚಾಟದ ಜಾಡು ಹಿಡಿದು ಹೋಗಿ, ಉಟ್ಟ ಸೀರೆಯನ್ನೇ ಬಿಚ್ಚಿ ಕೊಟ್ಟು, ಅವರನ್ನು ಹುಡುಕಿ ಕರೆದುಕೊಂಡು ಬಂದದ್ದು. ಆ ಕಥೆಯಲ್ಲಿ ಅತ್ತೆ ಎಲ್ಲಿಯೂ ಜಾರುವುದೇ ಇಲ್ಲ. ಇಳಿಜಾರೇ ಇಲ್ಲ ಅದರಲ್ಲಿ.

ಪಕ್ಕದಲ್ಲಿದ್ದ ಗಂಡ ಬಾಯಿ ತೆರೆದ. ಅಲ್ಲಮ್ಮ, ಅದು ಹಾಗಲ್ಲ ಎನ್ನುವುದರಲ್ಲಿದ್ದ. ಮೇಜಿನ ಕೆಳಗೆ ಅವನ ಕಾಲು ತುಳಿದೆ.

ಆಂಟಿ ಪರದೆಯ ಹತ್ತಿರಕ್ಕೆ ಮುಖ ತಂದು, ಹೌದೇನಮ್ಮ, ಅಷ್ಟೊಂದು ಹೆದರಿದ್ರಾ ಎಂದು ಕೇಳಿದರು. ಅವರ ಹಿಂದೆ ಅತ್ತೆ ಕಾಣುತ್ತಿದ್ದರು. ಹಿಂದಿನ ಕುರ್ಚಿಯಲ್ಲಿ ಗಟ್ಟಿಯಾಗಿ, ಇಡೀ ಮೈ ಸಮೇತ ಕೂತು, ನನ್ನ ಉತ್ತರ ಏನಿರಬೇಕು ಎಂದು ಕಣ್ಣಿನಲ್ಲೇ ಹೇಳಿಕೊಡುತ್ತಿದ್ದರು.

"ಹೌದು ಆಂಟಿ," ಎಂದೆ. "ತುಂಬಾ ಹೆದರಿದ್ವಿ. ಅತ್ತೆ ಬಂದ್ರು, ಸದ್ಯ."